ಐನೂರು ತಲೆ ಬೇಕಾದ ಊರು

ಪ್ರಯಾಗಬಾಯಿ ಗರ್ಜೆ ಕೂತಲ್ಲಿ ಕೂರುವವಳಲ್ಲ. ಭಾಕರಿ ತಟ್ಟುವಾಗಲೂ ಅವಳ ಕಣ್ಣು ಹೊಸ್ತಿಲಾಚೆಗೇ ಇರುತ್ತಿತ್ತು. ಹೆಂಚಿನ ಮೇಲೆ ಭಾಕರಿ ಬಿಟ್ಟು ಎದ್ದು ಹೋಗಿ, ದಾರಿಯ ತುದಿಯಲ್ಲಿ ಯಾರೂ ಬರುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಕಪ್ಪಗೆ ಸೀದುಹೋದದ್ದರ ಮುಂದೆ ವಾಪಸು ಬಂದು ಕೂರುತ್ತಿದ್ದಳು. ತಾಂಬಡೆವಾಡಿಯ ಹೆಂಗಸರು ಅವಳನ್ನು ಬುಗುರಿ ಎಂದೇ ಕರೆಯುತ್ತಿದ್ದರು. "ಬುಗುರಿ ಇವತ್ತ ಯಾವ ಕಡೆ ಹೊಂಟೈತಿ?" ಎಂದು ಬಾವಿಕಟ್ಟೆಯಿಂದ ಯಾರಾದರೂ ಕೂಗಿದರೆ ಅವಳು ನಿಲ್ಲದೆಯೇ, "ಚಾಟಿ ಸುತ್ತಿ ಬಿಟ್ಟೋರು ನೀವ. ನಿಂತಾಗ ಹೇಳ್ತೀನಿ," ಎಂದು ಹೇಳಿ ಹೋಗುತ್ತಿದ್ದಳು.

ಅವಳು ಹುಟ್ಟಿದ್ದು ಹೆದ್ದಾರಿಯ ಮಗ್ಗುಲಲ್ಲಿ. ಅಪ್ಪನದು ಟಯರಿಗೆ ಪಂಕ್ಚರ್ ಹಾಕುವ ಅಂಗಡಿ. ಹಗಲೆಲ್ಲ ಬಸ್ಸು, ಲಾರಿ, ಜೀಪು. ಒಳಗೆ ಅಡುಗೆಮನೆಯಲ್ಲಿದ್ದೇ ಇದು ಬೀಡ್ ಡಿಪೋದ್ದು, ಇದು ನಗರ ಡಿಪೋದ್ದು ಎಂದು ಸದ್ದಿನಿಂದ ಹೇಳುತ್ತಿದ್ದಳು. ಹದಿನೆಂಟಕ್ಕೆ ಆಸ್ರೂಬಾನ ಕೈಹಿಡಿದು ಬಸ್ಸಿನಿಂದ ಫಾಟಾದಲ್ಲಿ ಇಳಿದಳು. ಫಾಟಾ ಅಂದರೆ ಡಾಂಬರು ರಸ್ತೆಯಿಂದ ಊರಿನ ದಾರಿ ಕವಲೊಡೆಯುವ ಜಾಗ. ಒಂದು ಬೇವಿನ ಮರ, ಒಂದು ಚಹಾದ ಗುಡಿಸಲು. ಕರೆದೊಯ್ಯಲು ಬಂಡಿ ಬರಬೇಕಿತ್ತು, ಅದರ ಅಚ್ಚು ಹಳ್ಳದಲ್ಲಿ ಮುರಿದಿತ್ತು. ಹಳದಿ ಸೀರೆಯ ನೆರಿಗೆ ಎತ್ತಿಕಟ್ಟಿ ಮದುಮಗಳು ಗಂಡನ ಹಿಂದೆ ನಡೆದಳು.

"ಇನ್ನೂ ಎಷ್ಟ ದೂರ?"

"ಇಲ್ಲೇ."

ಹೀಗೆ ನಾಲ್ಕು ಸಲ ಕೇಳಿದಳು, ನಾಲ್ಕು ಸಲವೂ ಅವನು "ಇಲ್ಲೇ" ಅಂದ. ನಾಲ್ಕೂವರೆ ಕಿಲೋಮೀಟರು ಇತ್ತು. ಆಸ್ರೂಬಾ ಸುಳ್ಳು ಹೇಳುವವನಲ್ಲ. ಅವನಿಗೆ ಅದು ನಿಜವಾಗಿಯೂ ಇಲ್ಲೇ ಆಗಿತ್ತು. ಇಪ್ಪತ್ತು ವರ್ಷ ಸಂಸಾರ ಮಾಡಿದ ಮೇಲೂ ಆ ಇಬ್ಬರ ನಡುವೆ ಬಗೆಹರಿಯದೆ ಉಳಿದ ಮಾತು ಅದೊಂದೇ.

ದಸರೆ ಮುಗಿಯುತ್ತಲೇ ಊರಿನ ಅರ್ಧ ಮನೆಗಳಿಗೆ ಬೀಗ ಬೀಳುತ್ತಿತ್ತು. ಗಂಡ ಹೆಂಡತಿ ಜೋಡಿಯಾಗಿ ಕಬ್ಬು ಕಡಿಯಲು ಸಕ್ಕರೆ ಕಾರ್ಖಾನೆಗಳ ಕಡೆ ಹೋಗಿಬಿಡುವರು. ಕೊಯ್ತಾ ಅಂದರೆ ಕಬ್ಬು ಕಡಿಯುವ ಕತ್ತಿ; ಲೆಕ್ಕದಲ್ಲಿ ಒಂದು ಜೋಡಿಗೂ ಒಂದು ಕೊಯ್ತಾ ಎಂದೇ ಹೆಸರು. ಬೇಸಗೆ ಬಲಿತ ಮೇಲೆಯೇ ವಾಪಸು. ಪ್ರಯಾಗಾ ಕೂಡ ಗಂಡನ ಜೊತೆ ಎಂಟು ಹಂಗಾಮು ಕಬ್ಬು ಕಡಿದಳು. ಎಂಟನೆಯದರಲ್ಲಿ ಕಬ್ಬು ತುಂಬಿದ ಬಂಡಿ ಆಸ್ರೂಬಾನ ಮೊಣಕಾಲ ಮೇಲೆ ಹರಿದ ಮೇಲೆ ಅವನು ಆಡು ಮೇಯಿಸುತ್ತ ಊರಲ್ಲೇ ಉಳಿದ. ಅವಳು ಅಂಗನವಾಡಿಯಲ್ಲಿ ಸಹಾಯಕಿಯಾದಳು. ಮಕ್ಕಳನ್ನು ಕರೆತರುವುದು, ಖಿಚಡಿ ಬೇಯಿಸುವುದು, ಪೋಲಿಯೋ ಹನಿಯ ದಿನ ಮನೆ ಮನೆ ತಿರುಗುವುದು. ತಿರುಗುವ ಕೆಲಸ ಅಂದರೆ ಅವಳಿಗೆ ಹಬ್ಬ.

ಎರಡು ಹೆಣ್ಣುಮಕ್ಕಳು. ದೊಡ್ಡವಳು ಸಂಜೀವನಿ ಊರ ಶಾಲೆಯಲ್ಲಿ ಏಳನೆಯದು ಮುಗಿಸಿದಳು. ಹೈಸ್ಕೂಲು ಇದ್ದದ್ದು ಪಾರಗಾಂವದಲ್ಲಿ, ಫಾಟಾದಿಂದ ಇನ್ನೂ ಒಂಬತ್ತು ಕಿಲೋಮೀಟರು. ಹುಡುಗಿಯರಿಗೆ ಸರ್ಕಾರ ಬಸ್ ಪಾಸು ಪುಕ್ಕಟೆ ಕೊಡುತ್ತಿತ್ತು. ಸಂಜೀವನಿಯೂ ಫೋಟೋ ಅಂಟಿಸಿದ ಪಾಸು ತಂದು ದೇವರ ಗೂಡಿನಲ್ಲಿ ಇಟ್ಟಳು. ಆದರೆ ಫಾಟಾದ ತನಕ ಹುಡುಗಿಯನ್ನು ಯಾರು ಮುಟ್ಟಿಸುವುದು? ಜೊತೆಗಿದ್ದ ಇಬ್ಬರು ಒಂದೇ ತಿಂಗಳಲ್ಲಿ ಬಿಟ್ಟರು. ಹಳ್ಳದ ತಿರುವಿನಲ್ಲಿ ಕೂತು ಕುಡಿಯುವವರ ಮುಂದೆ ಒಬ್ಬಳೇ ಹಾದು ಬರುವುದು ಬೇಡವೆಂದು ಮನೆಯಲ್ಲಿ ಕೂರಿಸಿದರು. ಕೂರಿಸಿದ ಹುಡುಗಿ ಮನೆಯವರ ಕಣ್ಣಿಗೆ ದಿನದಿನಕ್ಕೆ ದೊಡ್ಡವಳಾಗಿ ಕಾಣತೊಡಗಿದಳು. ಹದಿನಾರಕ್ಕೆ ಮದುವೆ ಮಾಡಿ ಕೊಟ್ಟರು. ಆ ಮದುವೆಗೆ ಎಲ್ಲರಿಗಿಂತ ಮೊದಲು ಹೂಂ ಅಂದವಳು ಪ್ರಯಾಗಾ.

ಅದಾದ ಮೇಲೆ ಅವಳ ಕಾಲು ಇನ್ನೂ ಹೆಚ್ಚು ತಿರುಗತೊಡಗಿತು. ಚಿಕ್ಕವಳು ರೋಹಿಣಿ ಆರನೆಯ ಇಯತ್ತೆಗೆ ಬಂದಿದ್ದಳು. ಇನ್ನು ಒಂದೂವರೆ ವರ್ಷ.

ಮೊದಲು ಬಸ್ ಡಿಪೋಗೆ ಹೋದಳು. ಅಲ್ಲಿಯ ಅಧಿಕಾರಿ ಅರ್ಜಿಯನ್ನು ಓದಿ ನಕ್ಕ.

"ಬಾಯಿ, ಬಸ್ಸಿಗಿ ಆರು ಗಾಲಿ ಅದಾವ, ರೆಕ್ಕಿ ಒಂದೂ ಇಲ್ಲ. ನಿಮ್ಮೂರಿಗಿ ರಸ್ತಾ ಎಲ್ಲೈತಿ?"

"ರಸ್ತಾ ಆದ್ರ ಬಸ್ ಬಿಡ್ತೀರಿ?"

"ಆದ ಮ್ಯಾಲ ಬಾ. ಚಹಾ ಕುಡಿಸಿ ಬಿಡ್ತೀನಿ."

ಅಲ್ಲಿಂದ ರಸ್ತೆಯ ಕಚೇರಿ. ಮೂರು ಸಲ ಹೋದ ಮೇಲೆ ಒಬ್ಬ ಕಾರಕೂನ ಸಿಕ್ಕ. ಮೀಸೆ ಇನ್ನೂ ಸರಿಯಾಗಿ ಮೂಡದ ಹುಡುಗ, ಒಳ್ಳೆಯವನು. ದಪ್ಪ ಪುಸ್ತಕ ತೆಗೆದು ಬೆರಳಿಟ್ಟು ತೋರಿಸಿದ. "ಮಾವಶಿ, ಇಲ್ಲಿ ನೋಡ್ರಿ. ತಾಂಬಡೆವಾಡಿ, ಜನಸಂಖ್ಯೆ ಮುನ್ನೂರ ಮೂವತ್ತೆಂಟು. ಐನೂರು ತಲಿ ಇರೂ ಊರಿಗಿ ಮೊದಲ ರಸ್ತಾ. ನಿಮ್ಮದು ಪಟ್ಟಿಗೇ ಬರಂಗಿಲ್ಲ."

"ಮುನ್ನೂರ ಮೂವತ್ತೆಂಟು?" ಪ್ರಯಾಗಾ ನಿಂತೇ ಇದ್ದವಳು ಕುರ್ಚಿಯ ಬೆನ್ನು ಹಿಡಿದುಕೊಂಡಳು. "ನಾ ವರ್ಷಾ ಮನಿಮನಿ ತಿರುಗಿ ಹನಿ ಹಾಕಾಕಿ ಅದೀನಪ್ಪಾ. ಊರಾಗ ಐನೂರ ನಲವತ್ತ ಮ್ಯಾಲ ಮಂದಿ ಅದಾರ. ಉಳದೋರು ಎಲ್ಲಿಗಿ ಹೋದ್ರು?"

"ಗಣತಿ ಫೆಬ್ರುವರಿದಾಗ ಆಗೈತಿ. ಆಗ ಇದ್ದವರ ಲೆಕ್ಕ ಇದು."

ಫೆಬ್ರುವರಿ. ಕಬ್ಬಿನ ಹಂಗಾಮಿನ ನಟ್ಟನಡುವೆ. ಅವಳಿಗೆ ಒಮ್ಮೆಲೇ ಎಲ್ಲ ತಿಳಿಯಿತು. ಹತ್ತು ವರ್ಷದ ಹಿಂದಿನ ಆ ಫೆಬ್ರುವರಿಯಲ್ಲಿ ಅವಳೂ, ಆಸ್ರೂಬಾನೂ, ಕಬ್ಬಿನ ಒಣಗರಿ ರವದಿಯ ಮೇಲೆ ಆಡುತ್ತಿದ್ದ ಸಂಜೀವನಿಯೂ, ಸೊಂಟದ ಕೂಸು ರೋಹಿಣಿಯೂ ಭೀಮೆಯ ದಂಡೆಯ ಯಾವುದೋ ಗುಡಿಸಲಲ್ಲಿದ್ದರು. ಯಾರೋ ಬಂದು ಹೆಸರು ಕೇಳಿ ಬರೆದುಕೊಂಡು ಹೋಗಿದ್ದ. ಆ ನಾಲ್ಕು ತಲೆ ಅಲ್ಲಿಯ ಊರಿನ ಪುಸ್ತಕಕ್ಕೆ ಸೇರಿದ್ದವು. ಆ ಊರಿಗೆ ಮೊದಲೇ ರಸ್ತೆ ಇತ್ತು.

"ಮತ್ತ ಯಾವಾಗ ಎಣಸ್ತಾರ?"

"ಬರೂ ಫೆಬ್ರುವರಿಗೆ," ಅಂದ ಹುಡುಗ.

ಊರ ಶಾಲೆಯ ನರವಡೆ ಗುರೂಜಿಗೇ ಗಣತಿಯ ಕೆಲಸ ಬಿದ್ದಿತ್ತು. ತೆಳ್ಳನೆಯ ಮನುಷ್ಯ, ನಿವೃತ್ತಿಗೆ ಎರಡು ವರ್ಷ ಬಾಕಿ, ಬರೆಯುವ ಅಕ್ಷರದಷ್ಟೇ ನೆಟ್ಟಗೆ ನಡೆಯುವವರು. ಪ್ರಯಾಗಾ ಶಾಲೆ ಬಿಡುವ ಹೊತ್ತಿಗೆ ಹೋಗಿ ಬಾಗಿಲಲ್ಲೇ ನಿಂತು ಕೇಳಿದಳು.

"ಗುರೂಜಿ, ಬೀಗ ಹಾಕಿದ ಮನಿಯೋರನ್ನ ಹ್ಯಾಂಗ ಬರೀತೀರಿ?"

"ಬರಿಯೂದಿಲ್ಲ. ಒಂಬತ್ತರಿಂದ ಇಪ್ಪತ್ತೆಂಟರ ತನಕ ಇಪ್ಪತ್ತ ದಿನ ಐತಿ. ಅಷ್ಟೂ ದಿನ ಊರಾಗ ಇಲ್ಲದವರು ಎಲ್ಲಿ ಇರ್ತಾರೋ ಅಲ್ಲಿ."

"ಅಷ್ಟೂ ದಿನ ಇರಬೇಕೇನು?"

ಗುರೂಜಿ ಕನ್ನಡಕ ತೆಗೆದು ಅವಳನ್ನು ನೋಡಿದರು. "ಒಂದ ದಿನ ಬಂದು ತಮ್ಮ ಮನ್ಯಾಗ ಇದ್ದು ಹೋದರೂ ಅವರು ಇಲ್ಲಿಯವರ. ಯಾಕ ಕೇಳ್ತಿ?"

ಅವಳು ಆಗಲೇ ಅಂಗಳ ದಾಟಿದ್ದಳು.

ಎರಡು ದಿನ ಅಂಗನವಾಡಿಯ ಹಳೆಯ ನೋಟುಬುಕ್ಕಿನ ಹಿಂಬದಿಯಲ್ಲಿ ರೋಹಿಣಿಯಿಂದ ಬರೆಸಿದಳು. ಊರಲ್ಲಿ ಉಳಿಯುವವರು ಮುನ್ನೂರ ಇಪ್ಪತ್ತೆರಡು. ಹೊರಗೆ ಹೋದವರು ಇನ್ನೂರ ಇಪ್ಪತ್ತಾರು. ಅದರಲ್ಲಿ ನೂರ ಮೂವತ್ತೊಂದು ಮಂದಿ ಲಿಂಬಾಜಿ ಸಾನಪನ ಟೋಳಿಯಲ್ಲಿ, ಅಂದರೆ ಕಡಿಯುವವರ ತಂಡದಲ್ಲಿ, ಭೀಮೆಯ ದಂಡೆಯ ಒಂದೇ ಕಾರ್ಖಾನೆಗೆ ಕಡಿಯುತ್ತಿದ್ದರು. ಐವತ್ತಮೂರು ಮಂದಿ ಸುತ್ತಲಿನ ತಾಲೂಕುಗಳಲ್ಲಿ ಅಲ್ಲೊಬ್ಬರು ಇಲ್ಲಿಬ್ಬರು. ಉಳಿದ ನಲವತ್ತೆರಡು ಮಂದಿ ಬೆಳಗಾವಿಯ ಕಡೆ. ಅವರನ್ನು ಕರೆಯುವ ಆಸೆ ಅವಳು ಅಲ್ಲೇ ಬಿಟ್ಟಳು.

ಸರಪಂಚ ಉತ್ತಮರಾವ್ ಎಲ್ಲ ಕೇಳಿ ಎಲೆ ಅಡಿಕೆ ಉಗುಳಿದ. "ಊರಿನ ಸರಪಂಚ ನಾನೋ ನೀನೋ? ನಡು ಹಂಗಾಮಿನಾಗ ಕೊಯ್ತಾ ಇಟ್ಟು ತಲಿ ಎಣಿಸ್ಕೊಳ್ಳಾಕ ಯಾವ ಹುಚ್ಚ ಬರ್ತಾನ?"

"ನೀವು ಸುಮ್ನ ಇರ್ರಿ ಮಾಮಾ, ಸಾಕು. ಅಷ್ಟ ನಿಮ್ಮಿಂದ ಉಪಕಾರ."

ಮನೆಯಲ್ಲಿ ಆಸ್ರೂಬಾ ಆಡಿನ ಕಾಲಿಗೆ ಬೇವಿನೆಣ್ಣೆ ಸವರುತ್ತ ಕೂತಿದ್ದ. ಅವಳು ಚೀಲಕ್ಕೆ ಭಾಕರಿ, ಶೇಂಗಾ ಚಟ್ನಿ ತುಂಬುವುದನ್ನು ನೋಡಿಯೂ ಎಲ್ಲಿಗೆ ಎಂದು ಕೇಳಲಿಲ್ಲ. ಕೊನೆಗೆ ಅಂದ, "ದೂರ ಐತೇನು?"

"ಇಲ್ಲೇ," ಅಂದಳು ಪ್ರಯಾಗಾ. ಅವನು ನಕ್ಕುಬಿಟ್ಟ. ಅವಳಿಗೂ ನಗು ಬಂತು, ಆದರೆ ನಿಂತು ನಗುವಷ್ಟು ಪುರುಸೊತ್ತು ಇರಲಿಲ್ಲ.

ಫೆಬ್ರುವರಿ ಹನ್ನೊಂದಕ್ಕೆ ಹೊರಟಳು. ಫಾಟಾದಿಂದ ಜೀಪಿನ ಹಿಂದೆ ಜೋತುಬಿದ್ದು ತಾಲೂಕು, ಅಲ್ಲಿಂದ ಬಸ್ಸು, ಆಮೇಲೆ ಕಬ್ಬಿನ ಖಾಲಿ ಲಾರಿ. ದಾರಿಯಲ್ಲಿ ಚದುರಿದ್ದ ಮನೆಗಳವರನ್ನು ಹುಡುಕಿ ಹುಡುಕಿ ಹೇಳಿದಳು. ಒಬ್ಬಳು ಇಟ್ಟಿಗೆ ಭಟ್ಟಿಯಲ್ಲಿ, ಇಬ್ಬರು ದಾಳಿಂಬೆ ತೋಟದಲ್ಲಿ. "ಇಪ್ಪತ್ತೆಂಟರ ಒಳಗ ಒಂದ ದಿನ ಬಂದು ಹೋಗ್ರಿ, ನಿಮ್ಮ ಮನಿ ಬೀಗ ತೆಗೀರಿ, ಗುರೂಜಿಗಿ ಮುಖಾ ತೋರಿಸ್ರಿ." ಕೆಲವರು ಹೂಂ ಅಂದರು. ಕೆಲವರು ಇವಳಿಗೆ ಬಿಸಿಲು ತಾಕಿದೆ ಎಂದುಕೊಂಡು ನೀರು ಕೊಟ್ಟು ಕಳಿಸಿದರು.

ಭೀಮೆಯ ದಂಡೆ ಮುಟ್ಟುವಷ್ಟರಲ್ಲಿ ಮೂರನೆಯ ದಿನ. ಚಾಪೆ ಬಗ್ಗಿಸಿ ನಿಲ್ಲಿಸಿದ ಗುಡಿಸಲುಗಳು ಸಾಲಾಗಿ, ನಡುವೆ ಎತ್ತುಗಳು, ಕಬ್ಬಿನ ಹಸಿ ಸೋಗೆಯ ವಾಸನೆ. ಲಿಂಬಾಜಿ ಸಾನಪ ಟೋಳಿಯ ಮುಕಾದಮ, ಮುಂಗಡ ಕೊಟ್ಟು ಜನರನ್ನು ಕರೆತಂದ ಮೇಸ್ತ್ರಿ. ಅವನು ಊರವನೇ, ದೂರದ ಸಂಬಂಧದಲ್ಲಿ ಪ್ರಯಾಗಾಗೆ ಮೈದುನ.

"ವೈನಿ, ನೀ ಹೇಳೂದು ಚಲೋ ಐತಿ," ಅಂದ ಅವನು. "ಆದ್ರ ಅರವತ್ತ ಕೊಯ್ತಾ ಒಂದ ದಿನ ನಿಂತ್ರ ಕಾರ್ಖಾನಿಯೋರು ನನ್ನ ಚರ್ಮಾ ಸುಲೀತಾರ. ನಾ ಬಿಡೂದಿಲ್ಲ."

"ನಿನ್ನ ಮಗಳು ಎಷ್ಟನೇದು ಓದ್ತಾಳ ಲಿಂಬಾಜಿ?"

"ಓದೂದೇನ? ಅಕಾ ಅಲ್ಲಿ ಮೋಳಿ ಕಟ್ಟಾಕತ್ತಾಳ."

ಪ್ರಯಾಗಾ ಆ ಕಡೆ ನೋಡಿದಳು. ಹನ್ನೆರಡರ ಹುಡುಗಿ ಮೊಣಕಾಲು ಊರಿ ಕಬ್ಬಿನ ಹೊರೆಗೆ ಗಂಟು ಬಿಗಿಯುತ್ತಿದ್ದಳು. ಹೆಂಗಸರು ಕಡಿಯುವುದನ್ನು ನಿಲ್ಲಿಸಿ ಕಿವಿಗೊಟ್ಟಿದ್ದರು. ಅವರಲ್ಲೊಬ್ಬಳು, ಅನುಸಯಾ ಎಂಬ ಮುದುಕಿ, ಬಾಯಿ ಹಾಕಿದಳು: "ಏ ಬುಗುರಿ, ರಸ್ತಾ ಆದ್ರ ನನ್ನ ಮಂಡಿ ನೋವು ಹೋಕ್ಕೈತೇನು?"

"ಮಂಡಿ ಹೋಗೂದಿಲ್ಲ ಕಾಕೂ. ಮಂಡಿ ಹಿಡಕೊಂಡ ದವಾಖಾನಿಗಿ ಹೋಗಬೌದು."

ಎಲ್ಲರೂ ನಕ್ಕರು. ಲಿಂಬಾಜಿ ಮಾತ್ರ ತಲೆ ಅಲ್ಲಾಡಿಸುತ್ತಲೇ ಹೋದ.

ಅದೇ ಕಾರ್ಖಾನೆಗೆ ಸಂಜೀವನಿಯ ಗಂಡನ ಊರಿನ ಟೋಳಿಯೂ ಬಂದಿತ್ತು. ಕಾಲುವೆಯ ಆಚೆ ದಂಡೆಯಲ್ಲಿ ಅವರ ಗುಡಿಸಲುಗಳು. ಪ್ರಯಾಗಾ ಸಂಜೆ ಅಲ್ಲಿಗೆ ಹೋದಳು. ಎರಡು ವರ್ಷದಲ್ಲಿ ಮಗಳ ಕೈ ತನ್ನ ಕೈಯಂತೆಯೇ ಆಗಿತ್ತು. ಅಂಗೈಯಲ್ಲಿ ಕೊಯ್ತಾದ ಹಿಡಿಯ ಗೆರೆ. ಸೊಂಟದಲ್ಲಿ ಎಂಟು ತಿಂಗಳ ಹೆಣ್ಣುಕೂಸು. ತಾಯಿ ಹೇಳಿದ್ದನ್ನೆಲ್ಲ ಕೇಳುತ್ತ ಸಂಜೀವನಿ ಒಲೆಗೆ ರವದಿ ಒಟ್ಟುತ್ತಿದ್ದಳು.

"ನನ್ನ ಹೆಸರು ನಿನ್ನ ಪಟ್ಟಿದಾಗ ಐತೇನು ಆಯೀ?"

"ನಿಂದು ಹ್ಯಾಂಗ ಬರ್ತೈತವ್ವಾ. ಕೊಟ್ಟ ಮನಿ…"

"ಹೂಂ. ನನ್ನನ್ನ ಕೊಟ್ಟ ಮ್ಯಾಲ ಬಸ್ ತರಾಕ ಹೊಂಟೀದಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಾಯಿಗೆ ಸುಲಭವಾಗುತ್ತಿತ್ತು. "ಆ ಪಾಸು ಇನ್ನೂ ದೇವರ ಗೂಡಿನ್ಯಾಗ ಐತೇನು?"

"ಐತಿ."

"ತಗದ ಬಿಡು. ಅದರ ಮ್ಯಾಗ ನನ್ನ ಫೋಟೋ ಐತಿ."

ಪ್ರಯಾಗಾ ಎದ್ದಳು. ಕೂಸನ್ನು ಎತ್ತಿಕೊಂಡು ಗುಡಿಸಲ ಸುತ್ತ ತಿರುಗಿದಳು. ನಾಲ್ಕು ಸುತ್ತು ಆದ ಮೇಲೆ ಸಂಜೀವನಿ ಒಳಗಿನಿಂದಲೇ ಅಂದಳು: "ಒಂದೀಟ ನಿಲ್ಲು, ತಲಿ ತಿರಗತೈತಿ ನೋಡೋರಿಗಿ. ಇಪ್ಪತ್ತೊಂದಕ್ಕ ಕಾರ್ಖಾನಿ ನಿಲ್ಲತೈತಿ. ಬಾಯ್ಲರ್ ತೊಳಿಯೂದ ಐತಂತ. ಮುಂಜಾನಿಂದ ಮರುದಿನ ಮಧ್ಯಾಹ್ನದ ತನಕ ಕಬ್ಬ ಒಳಗ ತಗೊಳ್ಳಂಗಿಲ್ಲ. ಅವತ್ತ ಕಡದ್ರೂ ಒಣಗತೈತಿ. ನಿಮ್ಮ ಮುಕಾದಮಗ ಗೊತ್ತಿಲ್ಲೇನು?"

ಲಿಂಬಾಜಿಗೆ ಗೊತ್ತಿತ್ತು. ಆ ದಿನ ಎತ್ತಿಗೆ ಲಾಳ ಹೊಡೆಸುವುದು, ಬಟ್ಟೆ ಒಗೆಯುವುದು ಎಂದೆಲ್ಲ ಅವನ ಲೆಕ್ಕದಲ್ಲಿತ್ತು. ಮರುದಿನ ಬೆಳಿಗ್ಗೆ ಪ್ರಯಾಗಾ ಹೋಗಿ ಕೇಳಿದಾಗ ಅವನು ತಲೆ ಕೆರೆದುಕೊಂಡ. ಅವನ ಹೆಂಡತಿ ಕೊಯ್ತಾ ನೆಲಕ್ಕೆ ಹಾಕಿ, "ನಾ ಅಂತೂ ಹೋಗಾಕಿ. ಮಗಳನ್ನೂ ಕರಕೊಂಡ ಹೋಗಾಕಿ. ನೀವ ಬೇಕಾದ್ರ ಎತ್ತಿನ ಜೋಡಿ ಇರ್ರಿ," ಅಂದಳು. ಅವಳ ಹಿಂದೆ ಇನ್ನೂ ಹತ್ತು ಹೆಂಗಸರು ನಿಂತರು. ಲಿಂಬಾಜಿ ಲಾರಿಯವರನ್ನು ಕೇಳಲು ಎದ್ದ.

ಇಪ್ಪತ್ತೊಂದರ ಬೆಳಿಗ್ಗೆ ಕಬ್ಬು ಸಾಗಿಸುವ ಎರಡು ಖಾಲಿ ಲಾರಿಗಳಲ್ಲಿ ನೂರ ಹದಿನೆಂಟು ಮಂದಿ ಹೊರಟರು. ಎತ್ತುಗಳಿಗೆ ನೀರು ಕೊಡಲು ಹದಿಮೂರು ಮಂದಿ ಉಳಿದರು. ಮಧ್ಯಾಹ್ನ ಎರಡಕ್ಕೆ ಫಾಟಾ. ಅಲ್ಲಿಂದ ಒಂದು ಕಿಲೋಮೀಟರು ಒಳಗೆ ಬಂದ ಲಾರಿಗಳು ಹಳ್ಳದ ಇಳಿಜಾರಿನಲ್ಲಿ ನಿಂತುಬಿಟ್ಟವು. ಹಿಂದಿನ ಮಳೆಗೆ ದಂಡೆ ಆಳೆತ್ತರ ಕಡಿದುಹೋಗಿತ್ತು. ಚಾಲಕ ಇಳಿದು ನೋಡಿ, "ಇಲ್ಲಿಂದ ನಿಮ್ಮ ಕಾಲು, ನಿಮ್ಮ ಪುಣ್ಯ," ಅಂದ. ಕೂಸು, ಮುದುಕರು, ಬೋಗುಣಿ, ಗಂಟು ಎಲ್ಲ ಹೊತ್ತು ಜನ ಇಳಿದು ಹಳ್ಳ ದಾಟಿದರು. ಅನುಸಯಾ ಮುದುಕಿ ಪ್ರಯಾಗಾಳ ಹೆಗಲು ಹಿಡಿದು ಏರು ಹತ್ತುತ್ತ ಬೈದಳು: "ಮಂಡಿ ಹಿಡಕೊಂಡ ದವಾಖಾನಿಗಿ ಹೋಗಬೌದು ಅಂದ್ಯಲ್ಲಾ, ಮೊದಲ ಮಂಡಿ ಮುರದ ತೋರಿಸ್ತೀ ನನಗ."

ಊರಲ್ಲಿ ಫೆಬ್ರುವರಿಯ ಮಧ್ಯಾಹ್ನ ಬೀಗಗಳು ತೆರೆದವು. ನಾಲ್ಕು ತಿಂಗಳಿಂದ ಮುಚ್ಚಿದ್ದ ಬಾಗಿಲುಗಳಿಂದ ಧೂಳು ಹೊರಬಿತ್ತು. ಅಟ್ಟದ ಇಲಿಗಳು ದಿಕ್ಕೆಟ್ಟು ಓಡಿದವು. ಹೊಗೆ ಏರದಿದ್ದ ಮನೆಗಳಿಂದ ಹೊಗೆ ಏರಿತು. ಗುರೂಜಿ ಬಾಗಿಲಿಗೆ ಬರೆದ ಕೆಂಪು ಅಂಕಿ ಓದಿಕೊಳ್ಳುತ್ತ ಮನೆಯಿಂದ ಮನೆಗೆ ಹೋದರು. ಹೆಸರು, ವಯಸ್ಸು, ಓದು, ಕಸುಬು. ಚದುರಿಹೋದವರಲ್ಲೂ ಐವತ್ತೊಂದು ಮಂದಿ ಅಷ್ಟರೊಳಗೆ ಒಬ್ಬೊಬ್ಬರಾಗಿ ಬಂದು ಹೆಸರು ಬರೆಸಿ ಹೋಗಿದ್ದರು. ಬಿಸಿಲು ತಾಕಿದವಳೆಂದು ನೀರು ಕೊಟ್ಟವರೂ ಅದರಲ್ಲಿದ್ದರು.

ಮರುದಿನ ಬೆಳಿಗ್ಗೆ ಲಾರಿ ಹಿಡಿಯಲು ಜನ ಮತ್ತೆ ಹಳ್ಳಕ್ಕೆ ಇಳಿದ ಮೇಲೆ ಗುರೂಜಿ ಶಾಲೆಯ ಕಟ್ಟೆಯ ಮೇಲೆ ಕೂತು ಕೂಡಿಸಿದರು. ಎರಡು ಸಲ ಕೂಡಿಸಿದರು.

"ನಾನೂರ ತೊಂಬತ್ತೊಂದು."

 ಕಟ್ಟೆಯ ಬಳಿ ನಿಂತಿದ್ದ ಉತ್ತಮರಾವ್ ಹಗುರಾಗಿ ಅಂದ, "ಒಂಬತ್ತ ತಾನ? ಬರೀರಿ ಗುರೂಜಿ. ಬೆಳಗಾಂವ ಕಡೆ ಹೋದವರು ನಮ್ಮವರ ಅಲ್ಲೇನು?"

"ಅವರನ್ನ ಅಲ್ಲಿಯೋರು ಬರೀತಾರ. ಒಬ್ಬನ್ನ ಎರಡ ಕಡೆ ಬರಿಯಾಕ ನನ್ನ ಕೈಲಿಂದ ಆಗೂದಿಲ್ಲ," ಅಂದರು ಗುರೂಜಿ. ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿದರು.

ಪ್ರಯಾಗಾಗೆ ಅವರ ಮೇಲೆ ವಿಪರೀತ ಸಿಟ್ಟು ಬಂತು. ಅವರು ಸರಿ ಅನ್ನುವುದು ಗೊತ್ತಿದ್ದದ್ದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು. ಐದು ದಿನ ಅವಳು ಅನ್ನ ನೆಟ್ಟಗೆ ಉಣ್ಣಲಿಲ್ಲ. ಬಾವಿಗೆ ಹೋದವಳು ಕೊಡ ಬಿಟ್ಟು ಬರುವಳು. ಖಿಚಡಿಗೆ ಎರಡು ಸಲ ಉಪ್ಪು ಹಾಕುವಳು. ಒಂಬತ್ತು. ಹತ್ತಿರದಲ್ಲಿ ಹೆರುವವರು ಇದ್ದರೆ ಎಂದು ಬಸುರಿಯರ ಹೆಸರನ್ನೂ ಎಣಿಸಿ ನೋಡಿದಳು. ಒಬ್ಬಳಿದ್ದಳು, ಅವಳಿಗೂ ಏಪ್ರಿಲ್.

ಇಪ್ಪತ್ತಾರಕ್ಕೆ ಆಸ್ರೂಬಾ ಆಡು ಹೊಡೆದುಕೊಂಡು ಬಂದವನು ಸುಮ್ಮನೆ ಮಾತಿಗೆ ಹೇಳಿದ: "ಕಡೀ ಹೊಲದಾಗ ಧನಗರರು ಕುರಿ ನಿಲ್ಲಿಸ್ಯಾರ. ಹದಿನಾಲ್ಕ ಮಂದಿ. ನಾಳೆ ಡೇರೆ ಕೀಳ್ತಾರಂತ."

ಅವಳು ಎದ್ದು ಗುರೂಜಿಯ ಮನೆಗೆ ಓಡಿದಳು. "ಮನಿ ಇಲ್ಲದೋರನ್ನ ಎಲ್ಲಿ ಬರೀತೀರಿ?"

"ಇಪ್ಪತ್ತೆಂಟರ ಸಂಜಿ ಮುಂದ ಎಲ್ಲಿ ಡೇರೆ ಇರತೈತೋ ಅಲ್ಲಿ," ಅಂದ ಗುರೂಜಿ ಅರ್ಧದಲ್ಲೇ ಅರ್ಥ ಮಾಡಿಕೊಂಡು ಹೊಸ್ತಿಲಿಗೆ ಬಂದರು. "ಪ್ರಯಾಗಾ, ಬಲವಂತ ಮಾಡಬ್ಯಾಡ ಮತ್ತ."

ಧನಗರರ ಹಿರಿಯ ಸಿದೂ ಹಾಕೆ ಕಂಬಳಿಯ ಮೇಲೆ ಕೂತು ಉಣ್ಣೆ ನೂಲುತ್ತಿದ್ದ. ಎಲ್ಲ ಕೇಳಿಸಿಕೊಂಡ ಮೇಲೆ ಅವನು ಒಂದೇ ಮಾತು ಕೇಳಿದ.

"ನಮ್ಮನ್ನ ಇಲ್ಲಿ ಎಣಿಸಿದ್ರ ನಮಗೇನ ಸಿಗತೈತಿ ಬಾಯಿ?"

ಪ್ರಯಾಗಾ ಸುಳ್ಳು ಹುಡುಕಿದಳು, ಸಿಗಲಿಲ್ಲ. "ನಿಮಗೇನೂ ಸಿಗೂದಿಲ್ಲ ಅಣ್ಣಾ. ನಮಗ ರಸ್ತಾ ಆಗತೈತಿ."

"ನಮ್ಮೂರು ಫಲಟಣ ಕಡೆ. ಅಲ್ಲೂ ಯಾರಾದ್ರೂ ನಮ್ಮ ದಾರಿ ಕಾಯಾಕತ್ತಿರಬೌದು, ನಿನ್ನಂಥಾಕಿ."

ಆ ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಹತ್ತು ವರ್ಷದ ಹಿಂದೆ ಯಾವುದೋ ಊರಿನವರು ತನ್ನ ತಲೆಯನ್ನು ಹೀಗೆಯೇ ತಮ್ಮದಕ್ಕೆ ಸೇರಿಸಿಕೊಂಡಿದ್ದರಲ್ಲ. ಎದ್ದು ಹೋಗಿಬಿಡಬೇಕು ಅನ್ನಿಸಿತು. ಹೋಗಲಿಲ್ಲ. "ಇಪ್ಪತ್ತೆಂಟಕ್ಕ ನೀವು ಊರ ಮುಟ್ಟತೀರೇನು?" ಎಂದು ಕೇಳಿದಳು.

"ಇಲ್ಲ. ಎಲ್ಲೋ ದಾರ್ಯಾಗ ಇರ್ತೀವಿ."

"ಮತ್ತ ದಾರ್ಯಾಗ ಇರೂ ಬದಲಿ ಇಲ್ಲೇ ಇರ್ರಿ."

"ಕುರಿಗೆ ಮೇವು ಮುಗದೈತಿ."

ಅದಕ್ಕೆ ಉತ್ತರ ಅವಳಲ್ಲಿತ್ತು. ಅವತ್ತೇ ಮೂರು ಹೊಲದವರ ಮನೆಗೆ ಹೋಗಿ, ಜೋಳ ಕೊಯ್ದ ಕೂಳೆ ಹೊಲಗಳನ್ನು ಎರಡು ದಿನ ಕುರಿಗೆ ಬಿಡಿಸಿಕೊಟ್ಟಳು. ಒಬ್ಬ ಒಪ್ಪದೆ ಹೋದಾಗ ತನ್ನ ಮನೆಯ ಕಣಿಕೆಯ ಬಣವೆಯಲ್ಲಿ ಅರ್ಧ ಹೊರಿಸಿದಳು. ಆಸ್ರೂಬಾ ತನ್ನ ಆಡುಗಳ ಮುಖ ನೋಡಿ, ಹೊರೆ ಎತ್ತಲು ಕೈಕೊಟ್ಟ. ಇಪ್ಪತ್ತೆಂಟರ ಹೊತ್ತು ಮುಳುಗುವಾಗ ಗುರೂಜಿ ಫಾರಮು ಹಿಡಿದು ಕಡೀ ಹೊಲಕ್ಕೆ ನಡೆದರು. ಸಿದೂ ಹಾಕೆ ಹದಿನಾಲ್ಕು ಹೆಸರು ಹೇಳಿದ. ಕಸುಬು ಎಂಬಲ್ಲಿ "ತಿರುಗೂದು" ಎಂದು ಬರೆಸಿದ. ಗುರೂಜಿ ಅದನ್ನು ಕುರಿ ಸಾಕಣೆ ಎಂದು ತಿದ್ದಿದರು. ಐನೂರ ಐದು.

ಊರು ಕುಣಿಯಿತು ಅಂದುಕೊಂಡರೆ ತಪ್ಪು. ಅರ್ಧ ಊರು ಕಬ್ಬಿನಲ್ಲಿತ್ತು. ಉಳಿದವರಿಗೆ ಅಂಕಿ ಅಂಕಿಯೇ.

ಊರು ಪಟ್ಟಿಗೆ ಸೇರಿದರೂ ರಸ್ತೆ ಬರಲು ಆರು ವರ್ಷ ಹಿಡಿಯಿತು. ಹಳ್ಳಕ್ಕೆ ಸೇತುವೆಯಾಗಲು ಮತ್ತೂ ಎರಡು. ರೋಹಿಣಿ ಅಷ್ಟು ದಿನ ಕಾಯುವ ಹಾಗಿರಲಿಲ್ಲ. ಎಂಟನೆಯ ಇಯತ್ತೆಯಿಂದ ಅವಳನ್ನೂ ಇನ್ನೂ ನಾಲ್ಕು ಹುಡುಗಿಯರನ್ನೂ ಪ್ರಯಾಗಾ ತಾನೇ ಬೆಳಿಗ್ಗೆ ಫಾಟಾಕ್ಕೆ ಮುಟ್ಟಿಸಿ, ಸಂಜೆ ಹೋಗಿ ಕರೆತಂದಳು. ಲಿಂಬಾಜಿಯ ಮಗಳು ಅವರಲ್ಲಿ ಒಬ್ಬಳು. ಮೂರು ವರ್ಷ, ದಿನಕ್ಕೆ ಹದಿನೆಂಟು ಕಿಲೋಮೀಟರು. ಹಳ್ಳದ ತಿರುವಿನಲ್ಲಿ ಕೂರುತ್ತಿದ್ದ ಕುಡುಕರು ಅವಳ ಬಾಯಿಗೆ ಹೆದರಿ ಜಾಗ ಬದಲಿಸಿದರು. ರೋಹಿಣಿ ಹತ್ತನೆಯದು ಪಾಸಾಗಿ, ಮುಂದೆ ಓದಿ, ನರ್ಸಿನ ಕೆಲಸ ಹಿಡಿದಳು. ಮೊದಲ ಬಸ್ಸು ಊರಿಗೆ ಬಂದ ದಿನ ಅವಳು ಊರಲ್ಲಿರಲಿಲ್ಲ, ಡ್ಯೂಟಿಯ ಮೇಲಿದ್ದಳು.

ಬಸ್ಸಿಗೆ ತೆಂಗಿನಕಾಯಿ ಒಡೆದರು. ಉತ್ತಮರಾವ್ ಭಾಷಣ ಮಾಡಿ, ತಾನು ಹೇಗೆ ಹಗಲಿರುಳು ದುಡಿದು ರಸ್ತೆ ತಂದೆ ಎಂದು ಹೇಳಿದ. ಗುರೂಜಿ ಅದನ್ನು ನೋಡಲು ಉಳಿದಿರಲಿಲ್ಲ. ನಿವೃತ್ತರಾಗಿ ಮಗಳ ಊರಿಗೆ ಹೋಗಿ ಅಲ್ಲೇ ತೀರಿಕೊಂಡಿದ್ದರು. ಪ್ರಯಾಗಾ ಹೆಂಗಸರ ಸಾಲಿನಲ್ಲಿ ನಿಂತು ಭಾಷಣ ಮುಗಿಯುವ ಮೊದಲೇ ಬಸ್ ಹತ್ತಿ ಕಿಟಕಿಯ ಬದಿಗೆ ಕೂತಳು. ಪಾರಗಾಂವಕ್ಕೆ ಹೋದಳು. ಇಳಿದು ಏನು ಮಾಡುವುದು ತಿಳಿಯದೆ, ಅದೇ ಬಸ್ಸಿನಲ್ಲಿ ವಾಪಸು ಬಂದಳು.

ಆ ವರ್ಷದ ಜೂನ್‌ನಲ್ಲಿ ಸಂಜೀವನಿ ಫೋನು ಮಾಡಿದಳು. ಅವಳ ಕೂಸು ಈಗ ಒಂಬತ್ತು ವರ್ಷದ ಹುಡುಗಿ, ಪ್ರತಿ ಹಂಗಾಮಿಗೂ ಶಾಲೆ ತಪ್ಪುತ್ತಿತ್ತು.

"ಆಯೀ, ಪೂಜಾನ್ನ ನಿನ್ನ ಕಡೆ ಬಿಡಲೇನು?"

"ಕೇಳ್ತೀ ಯಾಕ? ಇವತ್ತ ಕಳಸು."

"ಮುಂದ ಹೈಸ್ಕೂಲಿಗೂ ಅಲ್ಲಿಂದನ ಹೋಗ್ಲಿ." ಆಮೇಲೆ ಸಂಜೀವನಿಯೇ ಸೇರಿಸಿದಳು: "ನೀ ಆಕಿ ಮದುವಿಗಿ ಹೂಂ ಅನ್ನಬ್ಯಾಡ ಮತ್ತ."

"ಇಲ್ಲವ್ವಾ," ಅಂದಳು ಪ್ರಯಾಗಾ. ಫೋನು ಇಟ್ಟ ಮೇಲೆ ಬಹಳ ಹೊತ್ತು ಅಂಗಳದಲ್ಲಿ ಅತ್ತಿತ್ತ ತಿರುಗಿದಳು.

ಅಷ್ಟಕ್ಕೆ ಅವಳು ನೆಮ್ಮದಿಯಾಗಿ ಕೂತಳೇ ಅಂದರೆ ಇಲ್ಲ. ಬಸ್ಸು ಬಂದ ಎರಡನೆಯ ದಸರೆಗೇ ಕಂಡಕ್ಟರ್ ಬೇರೆ ಮಾತು ಹೇಳಿದ. ಊರಿನ ಅರ್ಧ ಮಂದಿ ಕಬ್ಬಿಗೆ ಹೋದ ಮೇಲೆ ಮಧ್ಯಾಹ್ನದ ಬಸ್ಸಿನಲ್ಲಿ ಮೂವರು, ನಾಲ್ವರು. "ಖಾಲಿ ಓಡಾಡ್ತೈತಿ ಮಾವಶಿ. ಬರೂ ವಾರ ಸಾಹೇಬ್ರು ಎಣಸಾಕ ಬರ್ತಾರ. ಹಿಂಗ ಇದ್ರ ಬಂದ್ ಮಾಡ್ತಾರ."

ಮತ್ತೆ ಎಣಿಕೆ. ಪ್ರಯಾಗಾ ಮನೆ ಮನೆ ಹೊರಟಳು. ಊರಲ್ಲಿ ಉಳಿದಿದ್ದವರು ಮುದುಕರು, ಶಾಲೆಯ ಮಕ್ಕಳು, ಕೈಕಾಲು ಸೋತವರು. ಕಣ್ಣು ತೋರಿಸುವುದಿದ್ದವರನ್ನು, ಪಿಂಚಣಿ ಕಚೇರಿಗೆ ಹೋಗಬೇಕಿದ್ದವರನ್ನು, ಮಗಳನ್ನು ನೋಡಿ ಬರಬೇಕು ಎಂದು ವರ್ಷಗಳಿಂದ ಅನ್ನುತ್ತಿದ್ದವರನ್ನು ಹುಡುಕಿ ದಿನ ಹಂಚಿದಳು: ಸೋಮವಾರ ನೀವು, ಮಂಗಳವಾರ ಅವರು. ಈಗ ಕಬ್ಬಿಗೆ ಹೋಗುವುದು ಬಿಟ್ಟಿದ್ದ ಅನುಸಯಾ ಮುದುಕಿ ವಾರಕ್ಕೆ ಮೂರು ದಿನ ತಾನೇ ಹೋಗುವುದಾಗಿ ಹಟ ಹಿಡಿದಳು. ಪಾರಗಾಂವದ ನಿಲ್ದಾಣದಲ್ಲಿ ಕೂತು ಬಂದುಹೋಗುವವರನ್ನು ನೋಡುವುದರ ರುಚಿ ಅವಳಿಗೆ ಹತ್ತಿತ್ತು.

ಸಾಹೇಬರು ಬಂದ ಬುಧವಾರ ಊರಲ್ಲಿ ಬಸ್ಸು ನಿಲ್ಲುವ ಕಟ್ಟೆಯ ಬಳಿ ಇಪ್ಪತ್ತಾರು ಮಂದಿ ನಿಂತಿದ್ದರು. ಕೊನೆಯಲ್ಲಿ ಆಸ್ರೂಬಾನೂ ಕೋಲೂರಿಕೊಂಡು ಬಂದ. ಬಸ್ಸು ಬಂದಾಗಿನಿಂದ ಅವನು ಒಮ್ಮೆಯೂ ಅದನ್ನು ಹತ್ತಿರಲಿಲ್ಲ. ಕಂಡಕ್ಟರ್ ಕೈಹಿಡಿದು ಮೇಲೆತ್ತಿದ.

"ಎಲ್ಲಿಗಿ ಮಾಮಾ?"

ಆಸ್ರೂಬಾ ಹೆಂಡತಿಯ ಕಡೆ ನೋಡಿದ. ಅವಳಿಗೂ ಆ ಪ್ರಶ್ನೆ ಹೊಳೆದಿರಲಿಲ್ಲ.

"ಕೊಡಪಾ ಎಲ್ಲಿದಾದ್ರೂ," ಅಂದ ಅವನು. "ಈಕಿ ಇಳದಲ್ಲಿ ಇಳೀತೀನಿ."

ಮಧ್ಯಾಹ್ನದ ಬಸ್ಸು ಉಳಿಯಿತು. ಪ್ರತಿ ದಸರೆಗೂ ಅದನ್ನು ಹೊಸದಾಗಿ ಉಳಿಸಬೇಕು. ಮುಂದಿನ ಜನಗಣತಿ ಇವತ್ತು ನಾಳೆ ಎನ್ನುತ್ತ ವರ್ಷಗಟ್ಟಲೆ ಮುಂದಕ್ಕೆ ಹೋಯಿತು. ತಾಲೂಕಿಗೆ ಹೋದಾಗಲೆಲ್ಲ ಪ್ರಯಾಗಾ ಕಚೇರಿಯ ಕಿಟಕಿಗೆ ಮುಖ ಹಚ್ಚಿ ಕೇಳುತ್ತಾಳೆ: ಯಾವ ತಿಂಗಳು ಅಂತ ಗೊತ್ತಾಯಿತೇ? ಗೊತ್ತಾಗಿಲ್ಲ ಅನ್ನುತ್ತಾರೆ. ಆಕೆ ಕೈಗಡಿಯಾರ ನೋಡಿಕೊಂಡು ನಿಲ್ದಾಣದ ಕಡೆಗೆ ಬಿರಬಿರನೆ ಹೊರಡುತ್ತಾಳೆ. ಮೂರೂವರೆಯದು ತಪ್ಪಿದರೆ ಮತ್ತೆ ಸಂಜೆಯದೇ.